ಕರಿ ಐದರ ಸಾ

“ಪಾಲಕರು ಹೊರಗ ಕುಂದರಬೇಕ್ರಿ. ಮಕ್ಕಳ ಪಾಠ ಮುಗಿಯಾಕ ಇನ್ನೂ ಅರ್ಧಾ ತಾಸೈತಿ.”

ತಬಲಾದ ಅಂಚನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಕುಳಿತಿದ್ದ ಯುವಕ ತಲೆ ಎತ್ತದೆಯೇ ಹೇಳಿದ.

ಸುರೇಖಾ ಹೊಸ್ತಿಲಲ್ಲೇ ನಿಂತಳು. ಒಳಗೆ ಜಮಖಾನೆಯ ಮೇಲೆ ಒಂಬತ್ತು ಮಕ್ಕಳು. ಎಲ್ಲರಿಗಿಂತ ದೊಡ್ಡವನಿಗೆ ಹನ್ನೊಂದು ವರ್ಷವಿರಬಹುದು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

“ನಾ ಪಾಲಕರ ಪೈಕಿ ಅಲ್ರಿ.”

“ಮತ್ತ ಯಾರ್ನ ಕರ್ಕೊಂಡು ಹೋಗಾಕ ಬಂದೀರಿ?”

“ಯಾರ್ನೂ ಇಲ್ರಿ. ನಾನ ಕಲಿಯಾಕ ಬಂದೀನಿ.”

ಸುತ್ತಿಗೆ ಗಾಳಿಯಲ್ಲೇ ನಿಂತಿತು. ಅವನು ಈಗ ತಲೆ ಎತ್ತಿದ. ಮುಂದೆ ಕುಳಿತಿದ್ದ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಗು ಮಿಕ್ಕವರಿಗೂ ಹಬ್ಬಿತು.

ಸುರೇಖಾಳಿಗೆ ಇಪ್ಪತ್ತೆಂಟು ವರ್ಷ. ಕಿವಿ ಬಿಸಿಯಾಯಿತು. ವಾಪಸು ಹೋಗಿಬಿಡಲೇ... ಚಪ್ಪಲಿ ಇನ್ನೂ ಕಾಲಲ್ಲೇ ಇದೆ.

ಅವನು ತಬಲಾ ಪಕ್ಕಕ್ಕಿಟ್ಟು ಎದ್ದು ನಿಂತ. “ತಪ್ಪಾತ್ರಿ. ಒಳಗ ಬರ್ರಿ.” ಆಮೇಲೆ ಮಕ್ಕಳ ಕಡೆ ತಿರುಗಿ, “ನಗೂದು ಸಾಕು. ನೀವು ಹೋದ ವಾರ ಸಾ ಹಚ್ಚಿದಾಗ ಓಣಿ ನಾಯಿ ಎಲ್ಲಾ ಎದ್ದು ಹೋದುವು, ನೆನಪೈತಿಲ್ಲೋ?” ಎಂದ.

ಅವನ ಹೆಸರು ಕಳಕೇಶ. ವಾರವಿಡೀ ಕುಷ್ಟಗಿ ಬಸ್ ನಿಲ್ದಾಣದ ಹಿಂದಿನ ಸಣ್ಣ ಅಂಗಡಿಯಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವವನು. ಭಾನುವಾರ ಮಾತ್ರ ಕರಿಬಸಪ್ಪ ಮಾಸ್ತರ ಸಂಗೀತ ಪಾಠಕ್ಕೆ ತಬಲಾ ನುಡಿಸುವವನು. ಹತ್ತನೆಯ ವಯಸ್ಸಿನಿಂದ ಅವರ ಮನೆಯಲ್ಲೇ ಕಲಿತವನು.

ಎಪ್ಪತ್ತು ದಾಟಿದ ಮಾಸ್ತರು ಹಾರ್ಮೋನಿಯಂ ಮುಂದೆ ಕುಳಿತು ಅವಳನ್ನು ಮೇಲಿಂದ ಕೆಳಗೆ ನೋಡಿದರು.

“ಈ ವಯಸ್ಸಿನಾಗ ಯಾಕ್ ತಂಗಿ?”

ಉತ್ತರ ಅವಳ ಬಳಿ ಇತ್ತು, ಹೇಳಲು ನಾಚಿಕೆಯಾಯಿತು. ಎರಡು ತಿಂಗಳ ಹಿಂದೆ ಜೊತೆಯ ಕೆಲಸಗಾರರೊಂದಿಗೆ ಇಟಗಿಯ ಹಳೆಯ ಕಲ್ಲುಗುಡಿ ನೋಡಲು ಹೋಗಿದ್ದಳು. ಎಲ್ಲರೂ ಫೋಟೊ ತೆಗೆಯಲು ಹೊರಗೆ ಹೋದಾಗ ಒಬ್ಬಳೇ ಗುಡಿಯ ಒಳಗೆ ಉಳಿದು, ಸುಮ್ಮನೆ ಒಂದು ಸಾಲು ಗುನುಗಿದ್ದಳು. ಕಲ್ಲಿನ ಕಂಬಗಳ ನಡುವೆ ತನ್ನ ದನಿ ತನಗೇ ತಿರುಗಿ ಬಂದಾಗ ಬೆಚ್ಚಿದ್ದಳು. ಇದು ನನ್ನೊಳಗೆ ಇತ್ತೇ?

“ಸುಮ್ನ, ಆಸೆರಿ,” ಎಂದಳು.

“ಲಗ್ನ ಗೊತ್ತಾದ್ರ ಬಿಡ್ತೀಯಲ್ಲ?”

“ಒಂದ್ ವರ್ಷ ನೋಡ್ತೀನ್ರಿ. ಬರೂದಿಲ್ಲಂತ ಖಾತ್ರಿ ಆದ್ರ ನಾನ ಬಿಡ್ತೀನಿ.”

ಅದು ಅವಳ ಕೆಲಸದ ರೀತಿಯೂ ಹೌದು. ಬೀಜದ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಮೊಳಕೆ ಪರೀಕ್ಷೆ ಮಾಡುವುದು ಅವಳ ನೌಕರಿ. ಒದ್ದೆ ಕಾಗದದ ಮೇಲೆ ಸಜ್ಜೆಯ ಬೀಜ ಹರಡಿ, ಸುತ್ತಿ ಇಟ್ಟು, ಏಳನೆಯ ದಿನ ಬಿಚ್ಚಿ ಎಣಿಸಬೇಕು. ನೂರಕ್ಕೆ ಎಪ್ಪತ್ತೈದು ಮೊಳೆತಿದ್ದರೆ ಪಾಸು, ಎಪ್ಪತ್ನಾಲ್ಕು ಬಂದರೆ ಇಡೀ ರಾಶಿ ಫೇಲು. ತನ್ನ ಬಗ್ಗೆಯೂ ಅಂಥದೇ ಒಂದು ಅಂಕಿ ಸಿಕ್ಕಿಬಿಟ್ಟರೆ ಸಾಕೆಂದು ಅವಳಿಗೆ ಅನಿಸಿತ್ತು.

“ಮಕ್ಕಳ ಜೋಡಿ ಕುಂದರತೀಯೋ, ದೊಡ್ಡವರ ಜೋಡಿನೋ?” ಮಾಸ್ತರು ಕೇಳಿದರು.

ನಕ್ಕ ಹುಡುಗಿ ಇನ್ನೂ ನಗುತ್ತಲೇ ಇದ್ದಳು.

“ದೊಡ್ಡವರ ಜೋಡಿರಿ.”

ಆ ಎರಡು ಮಾತು ಅವಳ ಹನ್ನೊಂದು ತಿಂಗಳನ್ನು ನುಂಗಿದವು. ಆದರೆ ಆಗ ಅದು ಅವಳಿಗೆ ಗೊತ್ತಾಗುವಂತಿರಲಿಲ್ಲ.

*

ದೊಡ್ಡವರೆಂದರೆ ನಾಲ್ವರು ಗಂಡಸರು. ಎಲ್ಲರೂ ಒಂದೇ ಭಜನಾ ಮೇಳದವರು. ಅವರಿಗಾಗಿ ಮಾಸ್ತರು ಹಾರ್ಮೋನಿಯಂನ ಮೊದಲ ಕಪ್ಪು ಮನೆ ಒತ್ತಿ ಹಾಡಿನ ಆಧಾರ ಸ್ವರವಾದ ‘ಸಾ’ ಕೊಡುತ್ತಿದ್ದರು. ಹಾಡುವವರು ಅದನ್ನು ‘ಕರಿ ಒಂದು’ ಎನ್ನುತ್ತಾರೆ. ನಾಲ್ವರ ದನಿಯೂ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿತ್ತು.

ಸುರೇಖಾಳ ದನಿ ಕೂರಲಿಲ್ಲ. ಅವರ ಜೊತೆ ಕೆಳಗಿನ ಸಾ ಹಿಡಿದರೆ ಬಾಯಿಂದ ಬರೀ ಗಾಳಿ ಬರುತ್ತಿತ್ತು. ಮೇಲಿನ ಸಾ ಹಿಡಿದರೆ ಸಪ್ತಕದ ತುದಿ ಮುಟ್ಟುವಷ್ಟರಲ್ಲಿ ಗಂಟಲು ಕಟ್ಟುತ್ತಿತ್ತು.

“ಸಾಧನಾ ಕಡಿಮಿ,” ಎನ್ನುತ್ತಿದ್ದರು ಮಾಸ್ತರು.

ಅವಳು ಸಾಧನೆ ಹೆಚ್ಚಿಸಿದಳು. ಬಾಡಿಗೆ ಕೋಣೆಯಲ್ಲಿ ಬೆಳಗ್ಗೆ ಒಂದು ತಾಸು, ಕೆಲಸದಿಂದ ಬಂದ ಮೇಲೆ ಒಂದು ತಾಸು. ಫೋನಿನಲ್ಲಿ ತಂಬೂರಿಯ ಆ್ಯಪ್ ಹಾಕಿ, ಅದನ್ನೂ ಕರಿ ಒಂದಕ್ಕೇ ಇಟ್ಟುಕೊಂಡಳು. ಎದುರು ಕೂತು ಕೇಳುವವರು ಯಾರೂ ಇರಲಿಲ್ಲ. ಯಲಬುರ್ಗಾ ಕಡೆಯ ಹಳ್ಳಿ, ಕಡಲಿಲ್ಲದ ಮಂಗಳೂರು, ಅವಳ ಹುಟ್ಟೂರು. ಅಲ್ಲಿಂದ ಅವ್ವ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಕೆಳಗಿನ ಮನೆಯಲ್ಲಿ ಒಡತಿ ಅಬೇದಾಬಿ ಇದ್ದಳು. ಉಳಿದಂತೆ ಆ ಊರಿನಲ್ಲಿ ಸುರೇಖಾಳ ಹೆಸರು ಹಿಡಿದು ಕರೆಯುವವರು ಕಡಿಮೆ.

ಒಮ್ಮೆ ಕಳಕೇಶನನ್ನು ಕೇಳಿದಳು, “ತೀನ್ ತಾಲ್ ಸಾವಕಾಶ ಬಾರ್ಸಿ ಫೋನಿನಾಗ ತುಂಬಿ ಕೊಡ್ತೀರೇನ್ರಿ? ಒಬ್ಬಾಕಿನ ಹಾಡಿದ್ರ ಲಯ ತಪ್ಪತೈತಿ.”

ಮರುದಿನವೇ ಇಪ್ಪತ್ತು ನಿಮಿಷದ ತಬಲಾ ಅವಳ ಫೋನಿಗೆ ಬಂತು. ಹದಿನೆಂಟನೆಯ ನಿಮಿಷದಲ್ಲಿ ಅವನು ಒಮ್ಮೆ ಸಣ್ಣಗೆ ಕೆಮ್ಮಿದ್ದ. ಕೆಲವು ಸಂಜೆ ಅವಳು ಹಾಡದೆ, ಆ ಕೆಮ್ಮು ಬರುವವರೆಗೂ ಕೇಳುತ್ತ ಕೂತಿರುತ್ತಿದ್ದಳು. ಯಾಕೆಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಪಾಠ ಮುಗಿದ ಮೇಲೆ ಇಬ್ಬರೂ ಮಿರ್ಚಿ ಗಾಡಿಯವರೆಗೆ ಒಟ್ಟಿಗೆ ನಡೆಯುವುದು ರೂಢಿಯಾಯಿತು. ಅವನ ಮಾತು ಕಡಿಮೆ. ಆಡಿದರೆ ಮೋಟಾರಿನ ಬಗ್ಗೆ.

“ಮೋಟಾರ್ ಸುಡೂದಕ್ಕಿಂತ ಮೊದಲು ಅದರ ದನಿ ಬದಲಾಗ್ತೈತ್ರಿ. ಮಂದಿ ಕೇಳೂದಿಲ್ಲ. ಹೊಗಿ ಬಂದ ಮ್ಯಾಲೆ ಹೊತ್ಕೊಂಡು ಬರ್ತಾರ.”

“ನಿಮಗ ಕೇಳಸ್ತೈತೇನು?”

“ಕೇಳಸ್ತೈತ್ರಿ.”

“ಹಂಗಾರ ಖರೇ ಹೇಳ್ರಿ. ನನ್ನ ದನ್ಯಾಗ ಏನರ ಐತೋ, ಇಲ್ಲೋ?”

ಅವನು ಮಿರ್ಚಿ ಕೈಯಲ್ಲಿ ಹಿಡಿದೇ ಯೋಚಿಸಿದ. “ಇನ್ನೂ ಗೊತ್ತಾಗವಲ್ದು.”

ಬೇರೆ ಯಾರಾದರೂ ಆಗಿದ್ದರೆ ‘ಛಲೋ ಹಾಡ್ತೀರಿ’ ಎಂದು ಮುಗಿಸುತ್ತಿದ್ದರು. ಅವನು ಹಾಗೆ ಹೇಳಲಿಲ್ಲ. ಅಂದಿನಿಂದ ಅವನ ಮಾತೇ ತನ್ನ ತೀರ್ಪು ಎಂದು ಸುರೇಖಾ ಮನಸ್ಸಿನಲ್ಲಿ ಇಟ್ಟುಕೊಂಡಳು.

*

ಗುರುಪೂರ್ಣಿಮೆಗೆ ಮಾಸ್ತರ ಮನೆಯ ಅಂಗಳದಲ್ಲಿ ಐವತ್ತು ಜನ ಸೇರಿದ್ದರು. ವಿದ್ಯಾರ್ಥಿಗಳೆಲ್ಲ ಹತ್ತು ಹತ್ತು ನಿಮಿಷ ಗುರುವಿನೆದುರು ಹಾಡಬೇಕು. ಸುರೇಖಾ ತನಗೆ ಕೊಟ್ಟುಕೊಂಡ ವರ್ಷ ಮುಗಿಯಲು ಒಂದೇ ತಿಂಗಳಿತ್ತು. ಇವತ್ತು ಗೊತ್ತಾಗುತ್ತದೆ ಎಂದುಕೊಂಡು ಬಂದಿದ್ದಳು.

ಮಕ್ಕಳು ಹಾಡಿದರು. ಭಜನಾ ಮೇಳದವರು ಹಾಡಿದರು. ಎಲ್ಲರಿಗೂ ಕಳಕೇಶನೇ ತಬಲಾ.

“ಸುರೇಖಾ,” ಎಂದರು ಮಾಸ್ತರು.

ಅವಳು ಮುಂದೆ ಬಂದು ಕುಳಿತಳು. ಮಾಸ್ತರು ಹಾರ್ಮೋನಿಯಂನಲ್ಲಿ ಕರಿ ಒಂದು ಒತ್ತಿದರು. ಆಗ ಕಳಕೇಶ ಎರಡೂ ಕೈಯಿಂದ ತಬಲಾವನ್ನು ತನ್ನ ಮುಂದಿನಿಂದ ಪಕ್ಕಕ್ಕೆ ಸರಿಸಿದ.

“ಮಾಸ್ತರ, ಇವರಿಗೆ ನಾ ಬಾರ್ಸೂದಿಲ್ರಿ.”

ಅಂಗಳದಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಮಾಸ್ತರ ಮುಖ ಗಂಟಿಕ್ಕಿತು.

“ಯಾಕ?”

“ಬಾರ್ಸೂದಿಲ್ರಿ.”

ಅಷ್ಟೇ. ಕಾರಣ ಹೇಳಲಿಲ್ಲ. ಸುರೇಖಾಳ ಕಡೆ ನೋಡಲೂ ಇಲ್ಲ.

“ಇರ್ಲಿ. ಹಾಡು ತಂಗಿ,” ಎಂದು ಮಾಸ್ತರು ಬಿರುಸಾಗಿ ಹಾರ್ಮೋನಿಯಂ ಒತ್ತಿದರು.

ಅವಳು ಹಾಡಿದಳು. ಭೂಪ ರಾಗದ ಕೆಳಗಿನ ಸ್ವರಗಳು ಕೇಳಿಸಲೇ ಇಲ್ಲ. ಮೇಲಿನ ಸಾ ಒಡೆದು ಹೋಯಿತು. ಜನ ಚಪ್ಪಾಳೆ ತಟ್ಟಿದರು, ಬಿದ್ದು ಎದ್ದ ಮಗುವಿಗೆ ತಟ್ಟುವ ಹಾಗೆ.

ಗುರುವಿನ ಕಾಲು ಮುಟ್ಟಿ ಅವಳು ಹೊರಟಳು. ಹಿಂದಿನಿಂದ ಅವನು ಕರೆದ, “ಸುರೇಖಾ ಅವರ, ಒಂದ್ ನಿಮಿಷ...”

ಅವಳು ತಿರುಗಲಿಲ್ಲ. ಕೋಣೆಗೆ ಬಂದು ಅವನ ನಂಬರು ಬ್ಲಾಕ್ ಮಾಡಿದಳು. ಖರೇ ಹೇಳ್ರಿ ಎಂದು ಕೇಳಿದ್ದು ನಾನೇ ಅಲ್ಲವೇ? ಖರೇನೇ ಹೇಳಿದ. ಆದರೆ ಐವತ್ತು ಜನರ ಮುಂದೆ...

*

ಆರು ಭಾನುವಾರ ಕಳೆದವು.

ಭಾನುವಾರ ಇಷ್ಟು ಉದ್ದವಿರುತ್ತದೆ ಎಂದು ಅವಳಿಗೆ ತಿಳಿದಿರಲಿಲ್ಲ. ಅರಿವೆ ಒಗೆದು ಒಣ ಹಾಕಿದರೂ ಹನ್ನೊಂದೇ ಗಂಟೆ. ರೊಟ್ಟಿ ಬಡಿದು ಉಂಡರೂ ಒಂದೂವರೆ. ಕಿಟಕಿಯಿಂದ ಗಜೇಂದ್ರಗಡದ ಬಸ್ಸು ಹೋಗುವುದು ಕಾಣುತ್ತಿತ್ತು, ಮುಂದಿನದು ಬರುವವರೆಗೂ ರಸ್ತೆ ನೋಡುತ್ತಿದ್ದಳು.

“ಹಾಡ ಹೆಂಗ ನಡದೈತಿ?” ಅವ್ವ ಫೋನಿನಲ್ಲಿ ಕೇಳಿದಳು.

“ನಡದೈತಿ ಅವ್ವ.”

“ದನಿ ಯಾಕ ಹಿಂಗೈತಿ?”

“ನೆಗಡಿ.”

ತಬಲಾದ ರೆಕಾರ್ಡಿಂಗ್ ಅಳಿಸಲು ಎರಡು ಸಲ ಬೆರಳು ಇಟ್ಟಳು, ಎರಡು ಸಲ ತೆಗೆದಳು. ಪ್ರಯೋಗಾಲಯದಲ್ಲಿ ಫೇಲಾದ ರಾಶಿಯನ್ನು ವಾಪಸು ಕಳಿಸಿದ ಮೇಲೆ ಅವಳು ಎಂದೂ ಅದನ್ನು ನೆನೆದವಳಲ್ಲ. ಈಗ ಬೆಳಗಾದರೆ ಗಂಟಲು ತಾನಾಗಿಯೇ ಹಾಡಲು ಸಿದ್ಧವಾಗುತ್ತಿತ್ತು. ಅದನ್ನು ಚಹಾ ಕುಡಿದು ಸುಮ್ಮನಾಗಿಸಬೇಕಾಗಿತ್ತು.

ಏಳನೆಯ ಭಾನುವಾರ ಬೆಳಗ್ಗೆ ಅಬೇದಾಬಿ ಕೆಳಗಿನಿಂದ ಕೂಗಿದಳು.

“ಸುರೇಖಾ ಬೇಟಾ, ಸಂಪಿನ ಮೋಟಾರ್ ಸುಟ್ಟೈತಿ. ಮೋಟಾರಿನಂವ ಬಂದಾನ. ಇವತ್ತ ಮ್ಯಾಲ ನೀರ ಏರೂದಿಲ್ಲ, ಕೊಡ ತಗೊಂಡು ಬಾ.”

ಅವಳು ಕೊಡ ಹಿಡಿದು ಮೆಟ್ಟಿಲಿಳಿದಳು. ಸಂಪಿನ ಪಕ್ಕದಲ್ಲಿ ಮೋಟಾರಿನ ಬೋಲ್ಟು ಬಿಚ್ಚುತ್ತ ಕುಳಿತಿದ್ದವನ ಬೆನ್ನು ನೋಡಿ ಅರ್ಧಕ್ಕೇ ನಿಂತಳು.

ಅವನು ಬೇಕೆಂದೇ ಬಂದವನಲ್ಲ. ಒಂಟಿ ಹೆಣ್ಣುಮಗಳ ಬಾಗಿಲು ಬಡಿದರೆ ಓಣಿ ಏನೆನ್ನುತ್ತದೆ ಎಂದು ಆರು ವಾರ ಹಿಂಜರಿದವನು. ಆದರೆ ಇದು ಅವಳಿರುವ ಮನೆಯೆಂದು ಅವನಿಗೆ ಗೊತ್ತಿತ್ತು. ಅದಕ್ಕೇ ಬೋಲ್ಟು ಬಿಚ್ಚಲು ಅಷ್ಟು ಹೊತ್ತು ಹಿಡಿಯುತ್ತಿತ್ತು.

ಮೆಟ್ಟಿಲ ಮೇಲೆ ನಿಂತವಳನ್ನು ಅಬೇದಾಬಿ ನೋಡಲಿಲ್ಲ. ಅವಳಿಗೆ ಮಾತಿಗೆ ಒಬ್ಬರು ಸಿಕ್ಕಿದ್ದರು.

“ಮ್ಯಾಲಿನ ಹುಡಿಗಿ ಮೊದಲ ದಿನಾ ಹಾಡ್ತಿದ್ಲು. ಈಗ ಬಾಯಿ ಮುಚ್ಚಿ ಎಷ್ಟ್ ದಿನ ಆತೋ. ಮನಿ ಭಣಭಣ ಅಂತೈತಿ.”

“ಹೆಂಗ ಹಾಡ್ತಿದ್ರು ಅಮ್ಮಾ?”

“ಖರೇ ಹೇಳ್ಲಾ? ಫೋನ್ ಹಚ್ಚಿಕೊಂಡು ಹಾಡಿದ್ರ ಯಾರೋ ಗಂಟ್ಲ ಹಿಡದಂಗ ಕೇಳಸ್ತಿತ್ತು. ಅರಬಿ ಒಗಿಯೂ ಮುಂದ ಹಾಡಿದ್ರ ಮಾತ್ರ ನಾ ಒಲಿ ಸಣ್ಣ ಮಾಡಿ ಕೇಳ್ತಿದ್ದೆ.”

ಕಳಕೇಶ ಬೋಲ್ಟು ಬಿಚ್ಚುವ ಪಾನಾ ಕೆಳಗಿಟ್ಟ. “ಇದನ್ನ ನಾ ಮಾಸ್ತರಿಗೆ ಹೇಳಿದ್ದು.”

“ಏನ್ ಹೇಳಿದ್ರಿ ಮಾಸ್ತರಿಗೆ?”

ದನಿ ಕೇಳಿ ಅವನು ತಿರುಗಿದ. ಅಬೇದಾಬಿ ಇಬ್ಬರ ಮುಖವನ್ನೂ ನೋಡಿದಳು. “ನಾ ಚಹಾ ಇಡ್ತೀನಿ,” ಎಂದು ಒಳಗೆ ಹೋದವಳು ಅಡುಗೆಮನೆಯ ಕಿಟಕಿ ಮಾತ್ರ ತೆರೆದಿಟ್ಟಳು.

“ಪೂರ್ಣಿಮಿಗಿಂತ ಎರಡು ದಿನ ಮೊದಲು ನೀವು ಪಾಠಕ್ಕ ಜಲ್ದಿ ಬಂದಿದ್ರಿ,” ಅವನು ನಿಧಾನವಾಗಿ ಹೇಳಿದ. “ಹೊರಗ ನಳದ ಹತ್ರ ಕಾಲ ತೊಳಕೊಂತ ಗುನುಗಿದ್ರಿ. ಅಂಥಾ ದನಿ ನಾ ನಿಮ್ಮ ಬಾಯಾಗ ಕೇಳಿದ್ದಿಲ್ಲ. ಹಾರ್ಮೋನಿಯಂ ಪೆಟಿಗಿ ಮ್ಯಾಲ ಬೆರಳಿಟ್ಟು ಹುಡುಕಿದೆ. ಕರಿ ಐದಕ್ಕ ಸಿಕ್ತು. ಸಪ್ತಕದ ಕಡೀ ಕಪ್ಪು ಮನಿ. ನಿಮ್ಮ ಸಾ ಅಲ್ಲೈತ್ರಿ. ನಿಮ್ಮನ್ನ ಹನ್ನೊಂದು ತಿಂಗಳು ಗಂಡಸರ ‘ಸಾ’ಕ್ಕ ಹಾಡ್ಸ್ಯಾರ.”

ಸುರೇಖಾ ಕೊಡವನ್ನು ಮೆಟ್ಟಿಲ ಮೇಲಿಟ್ಟಳು.

“ಮಾಸ್ತರಿಗೆ ಹೇಳಿದೆ. ‘ನನಗ ಕಲ್ಸಾಕ ಬಂದೀಯೇನು?’ ಅಂದ್ರು. ಪೂರ್ಣಿಮಿ ದಿನ ಮತ್ತ ಕರಿ ಒಂದನ್ನ ಒತ್ತಿದ್ರು. ಮಂದಿ ಮುಂದ ಗುರುವಿಗೆ ತಪ್ಪು ಅನ್ನೂದು ನಮ್ಮಲ್ಲಿ ಇಲ್ರಿ. ಹಾಡಾವ್ರ ದನಿಗೆ ಪಟ್ಟಿ, ಅಂದ್ರ ಶ್ರುತಿ, ಹೊಂದದಿದ್ರ ತಬಲಾದಂವ ತಬಲಾ ಸರಸ್ತಾನ, ಹಾಡಸಾವ್ರು ತಿಳಕೊಂಡು ಪಟ್ಟಿ ಬದಲ ಮಾಡ್ತಾರ. ಆ ಮನ್ಯಾಗ ಅದು ಮೊದಲಿಂದ ನಡಕೊಂಡು ಬಂದದ್ದು. ಅವರು ತಿಳಕೊಂಡ್ರು, ಬದಲ ಮಾಡ್ಲಿಲ್ಲ. ನಿಮಗ ಅದು ಗೊತ್ತಿರ್ಲಿಲ್ಲ.”

“ಅಂದ್ರ ಮಾಸ್ತರ ಮರ್ಯಾದಿ ಉಳೀತು. ನಂದು ಹೋತು.”

ಅವನು ತಲೆ ತಗ್ಗಿಸಲಿಲ್ಲ. ನೇರವಾಗಿ ಅವಳನ್ನೇ ನೋಡಿದ.

“ಹೌದ್ರಿ. ಮೊದಲು ನಿಮಗ ಹೇಳಬೇಕಾಗಿತ್ತು. ಗುರುವಿನ ತಪ್ಪನ್ನ ಅವರ ವಿದ್ಯಾರ್ಥಿಗೆ ಹೆಂಗ ಹೇಳ್ಲಿ ಅಂತ ಅಂಜಿದೆ. ತಪ್ಪು ನಂದ.”

ಅವಳಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಸಿಟ್ಟಿನ ಅಡಿಯಲ್ಲಿ ಇನ್ನೇನೋ ನಡುಗುತ್ತಿತ್ತು. ಹಾಗಾದರೆ... ಇಷ್ಟು ದಿನ ಯಾರೂ ನನ್ನ ದನಿಯನ್ನು ಕೇಳಿಯೇ ಇಲ್ಲ. ನಾನೂ ಕೇಳಿಲ್ಲ.

ಅವಳು ಫೋನು ತೆಗೆದಳು. ತಂಬೂರಿಯ ಆ್ಯಪಿನಲ್ಲಿ ಕರಿ ಒಂದನ್ನು ಬಿಟ್ಟು ಕರಿ ಐದಕ್ಕೆ ಸರಿಸಿದಳು. ಕಣ್ಣು ಮುಚ್ಚಿ ಸಾ ಹಿಡಿದಳು.

ದನಿ ಎಲ್ಲಿಯೂ ತಡವರಿಸಲಿಲ್ಲ. ಎದೆಯಿಂದ ಬಂತು, ನಿಂತಿತು. ಪಂಚಮಕ್ಕೆ ಹೋದಳು. ಮೇಲಿನ ಸಾ ಮುಟ್ಟಿದಳು. ಗಂಟಲು ಕಟ್ಟಲಿಲ್ಲ. ಕೆಳಗಿನ ಧೈವತ ಸಣ್ಣದಾಗಿ, ಆದರೆ ಸ್ಪಷ್ಟವಾಗಿ ಕೇಳಿಸಿತು.

ಅಡುಗೆಮನೆಯಲ್ಲಿ ಸ್ಟೋವಿನ ಸದ್ದು ನಿಂತಿತು.

ಕಣ್ಣು ತೆರೆದಾಗ ಕೆನ್ನೆ ಒದ್ದೆಯಾಗಿತ್ತು. “ಈಗ ಹೇಳ್ರಿ. ನೂರಕ್ಕ ಎಷ್ಟು? ನಾ ಹಾಡಾಕಿ ಆಗ್ತೀನೋ, ಇಲ್ಲೋ?”

“ಗೊತ್ತಿಲ್ರಿ.”

“ಈಗನೂ ಗೊತ್ತಿಲ್ಲೇನು?”

“ಸುಳ್ಳ ಹೆಂಗ ಹೇಳ್ಲಿ? ಮಕ್ಕಳು ಆರು ವರ್ಷಕ್ಕ ಶುರು ಮಾಡ್ತಾರ, ನಿಮ್ಮದು ಇಪ್ಪತ್ತೆಂಟಕ್ಕ ಆತು. ವೇದಿಕಿ ಹತ್ತತೀರೋ ಇಲ್ಲೋ, ಹತ್ತು ವರ್ಷ ಆದ ಮ್ಯಾಲೂ ಹೇಳಾಕ ಬರೂದಿಲ್ಲ. ದನಿ ಐತಿ. ಇಷ್ಟು ಮಾತ್ರ ಖಾತ್ರಿ.”

ಸುರೇಖಾ ಮೆಟ್ಟಿಲ ಮೇಲೆ ಕುಳಿತಳು. ಈ ಆರು ಭಾನುವಾರಗಳಲ್ಲಿ ಕಳೆದುಕೊಂಡದ್ದೇನು ಎಂದು ಯೋಚಿಸಿದಳು. ವೇದಿಕೆಯನ್ನು ಅವಳು ಒಮ್ಮೆಯೂ ನೆನೆದಿರಲಿಲ್ಲ. ನೆನೆದದ್ದು ಬೆಳಗಿನ ಆ ಒಂದು ತಾಸನ್ನು, ದನಿ ಒಡೆದರೂ ಮತ್ತೆ ಹಿಡಿಯುತ್ತಿದ್ದ ಆ ತಾಸನ್ನು. ಪಾಸಾದರೆ ಮಾತ್ರ ಹಾಡುತ್ತೇನೆ ಎಂದು ಕರಾರು ಹಾಕಿದವಳು ತಾನೇ.

“ಒಂದು ವರ್ಷ ಅಂತ ಹೇಳಿದ್ದೆ ಮಾಸ್ತರಿಗೆ,” ಎಂದಳು. “ಅದನ್ನ ತಗದು ಹಾಕ್ತೀನಿ. ಆಗೂದಿದ್ರ ಆಗ್ಲಿ, ಇಲ್ಲಾಂದ್ರ ಬಿಡ್ಲಿ. ನಾ ಕಲೀತೀನಿ.”

*

ಅದೇ ಮಧ್ಯಾಹ್ನ ಅವಳು ಪಾಠಕ್ಕೆ ಹೋದಳು. ಹೊಸ್ತಿಲು ದಾಟಿ ನೇರವಾಗಿ ಮಾಸ್ತರ ಮುಂದೆ ಕುಳಿತಳು.

“ಮಾಸ್ತರ, ನನಗ ಕರಿ ಐದು ಕೊಡ್ರಿ.”

ಭಜನಾ ಮೇಳದ ನಾಲ್ವರೂ ತಿರುಗಿ ನೋಡಿದರು. ಮಾಸ್ತರು ಹಾರ್ಮೋನಿಯಂನಿಂದ ಕೈ ತೆಗೆದರು.

“ಎರಡ ತಿಂಗಳಿಗೆ ಬಿಟ್ಟು ಹೋಗ್ತೀ ಅಂತ ತಿಳದಿದ್ದೆ ತಂಗಿ,” ಎಂದರು. “ಹೋಗಾಕಿಗೆ ಯಾಕ ಪಟ್ಟಿ ಹುಡುಕೂದು ಅಂತ ಬಿಟ್ಟೆ.”

ಕನ್ನಡಕ ತೆಗೆದು ಒರೆಸಿಕೊಂಡು, ಹಾರ್ಮೋನಿಯಂನ ಐದನೆಯ ಕಪ್ಪು ಮನೆಯ ಮೇಲೆ ಬೆರಳಿಟ್ಟರು. ಅವಳು ಹಾಡಿದಳು. ತಬಲಾ ಇರಲಿಲ್ಲ. ಕಳಕೇಶ ಮೂಲೆಯಲ್ಲಿ ಖಾಲಿ ಕೈ ಕಟ್ಟಿ ಕುಳಿತಿದ್ದ. ಅವನ ತಬಲಾ ಅಷ್ಟು ಮೇಲಿನ ಪಟ್ಟಿಗೆ ಏರುವುದಿಲ್ಲ, ಏರಿಸಿದರೆ ಚರ್ಮ ಹರಿಯುತ್ತದೆ.

ಪಾಠ ಮುಗಿದ ಮೇಲೆ ಇಬ್ಬರೂ ಬಸ್ ನಿಲ್ದಾಣದ ಎದುರಿನ ಚಹಾದ ಅಂಗಡಿಯಲ್ಲಿ ಕುಳಿತರು.

“ಕರಿ ಐದಕ್ಕ ಏರೂವಂಥಾ ಸಣ್ಣ ಬಾಯಿದು ಒಂದು ತಬಲಾ ಮಿರಜಿನಾಗ ಮಾಡಾಕ ಹೇಳೀನಿ,” ಎಂದ ಅವನು. “ಪೂರ್ಣಿಮಿ ಮರುದಿನನ ಹೇಳಿದೆ.”

“ನಾ ವಾಪಸ್ ಬರ್ತೀನಂತ ನಿಮಗೇನ್ ಗೊತ್ತಿತ್ತು?”

“ಗೊತ್ತಿರ್ಲಿಲ್ರಿ.” ಅವನು ಚಹಾದ ಲೋಟವನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದ. “ಹದಿನೆಂಟು ವರ್ಷದಿಂದ ಭಾನುವಾರ ಅಂದ್ರ ನನಗ ತಬಲಾ. ನೀವು ಬರದ ಆರು ಭಾನುವಾರನೂ ಬಾರ್ಸಿದೆ. ಕೈ ತನ್ನ ಪಾಡಿಗೆ ತಾ ಬಾರಸ್ತಿತ್ತು, ಕಣ್ಣು ಬಾಗಲ ಮ್ಯಾಲಿತ್ತು. ಆವಾಗ ತಿಳೀತು, ನಾ ಕಾಯೂದು ತಬಲಾಕ್ಕಲ್ಲ ಅಂತ.”

ಎದುರಿಗೆ ಯಲಬುರ್ಗಾದ ಬಸ್ಸು ಬಂದು, ಜನರನ್ನು ಇಳಿಸಿ, ಹತ್ತಿಸಿಕೊಂಡು ಹೋಯಿತು. ಸುರೇಖಾ ಈ ಸಲ ರಸ್ತೆ ನೋಡಲಿಲ್ಲ.

“ನಾ ಮಂಗಳೂರಿಗೆ ಬರಲೇನ್ರಿ? ನಿಮ್ಮ ಮನಿಯವರ ಹತ್ರ ಮಾತಾಡಾಕ?”

“ಮೊದಲು ನಾ ಅವ್ವಗ ಹೇಳ್ತೀನಿ. ನಮ್ಮ ಅಪ್ಪಂದು ಕಿರಾಣಿ ಅಂಗಡಿ, ಮಂದಿ ಮಾತಿಗೆ ಭಾಳ ಅಂಜತಾನ. ನಮ್ಮ ಪೈಕಿ ಹುಡುಗ ಅಲ್ಲ ಅಂತಾನ. ಜಲ್ದಿ ಹೂಂ ಅನ್ನಾಂವಲ್ಲ.”

“ಅಪ್ಪನ ಮಾತು ಆಮ್ಯಾಲ. ನೀವೇನಂತೀರಿ?”

“ನಾ ಏನಂತೀನಿ...” ಅವಳಿಗೆ ನಗು ಬಂತು, ಅದರ ಹಿಂದೆಯೇ ಕಣ್ಣೀರು. “ಹೂಂ ಅಂತೀನಿ. ಆದ್ರ ಕಾಯಬೇಕಾಗ್ತೈತಿ.”

“ಕಾಯ್ತೀನ್ರಿ.”

“ಎಷ್ಟು ದಿನ ಅಂತ ಕೇಳ್ಲಿಲ್ಲ?”

“ಕೇಳೂದಿಲ್ರಿ.”

ಅವಳು ಅವನ ಲೋಟವನ್ನು ಅವನ ಕಡೆ ಮೆಲ್ಲಗೆ ಸರಿಸಿದಳು.

“ಚಹಾ ಆರತೈತಿ, ಕಳಕೇಶ,” ಎಂದಳು. ಹೆಸರಿನ ಹಿಂದೆ ‘ಅವರ’ ಸೇರಿಸಲಿಲ್ಲ.

ಅವನು ಲೋಟ ಎತ್ತಿಕೊಂಡ. “ಹಂಗ ಇನ್ನೊಮ್ಮೆ ಕರೀರಿ,” ಎಂದ.